ಮೂರನೆಯ ಮನೆ

ಕಾಂಪೌಂಡರ್ ಎಂದರೆ ಆ ಚರ್ಚಿನವರಿಗೆಲ್ಲ ಗೊತ್ತು. ಮೂವತ್ತೆಂಟು ವರ್ಷ ಔಷಧದಂಗಡಿಯಲ್ಲಿ ನಿಂತು, ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಮೂಲವ್ಯಾಧಿ ಎಂಬುದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮನುಷ್ಯ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಭಾನುವಾರ ಕಳೆಯುವುದೇ ಕಷ್ಟವಾಯಿತು. ಹಾಸಿಗೆ ಹಿಡಿದವರ ಮನೆಗೆ ಪೂಜೆಯ ರೊಟ್ಟಿ, ಪರಮಪ್ರಸಾದ ಒಯ್ಯಲು ಜನ ಬೇಕೆಂದು ಫಾದರ್ ಕೇಳಿದಾಗ, ಎಪ್ಪತ್ತು ದಾಟಿದ್ದರೂ ಹೆಸರು ಕೊಟ್ಟ. ಅವನ ಪಾಲಿಗೆ ಮೂರು ಮನೆ ಬಂದವು.

ಮೊದಲನೆಯದರಲ್ಲಿ ಸೊಂಟ ಮುರಿದ ಪೋಸ್ಟ್‌ಮ್ಯಾನ್. ಪ್ರಾರ್ಥನೆಗಿಂತ ಹರಟೆಗೇ ಕಾಯುತ್ತಿದ್ದ. ಎರಡನೆಯದರಲ್ಲಿ ಕಿವಿ ಕೇಳದ ಅಜ್ಜಿ. 'ಆಮೆನ್' ಎಂದು ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದಳು. ಮೂರನೆಯದು ಮಾತ್ರ ಎರಡನೇ ಮಹಡಿಯಲ್ಲಿತ್ತು. ಅಂಗಿ ಕಾರ್ಖಾನೆಯಲ್ಲಿ ಗುಂಡಿ ಹೊಲಿದೇ ಆಯುಸ್ಸು ಸವೆಸಿದ್ದಕ್ಕೆ ಎಲ್ಲರೂ ಗುಂಡಿಯಮ್ಮ ಎನ್ನುತ್ತಿದ್ದ ಎಪ್ಪತ್ತಾರರ ಹೆಂಗಸು ಅಲ್ಲಿದ್ದಳು. ಮಂಚದ ಮೇಲೆ ಅವಳ ಮಗಳು. ಮಿದುಳು ಜ್ವರ ಬಂದು ಹನ್ನೊಂದು ವರ್ಷವಾಗಿತ್ತು. ಮಾತಿಲ್ಲ, ಕೈಕಾಲು ಸ್ವಾಧೀನದಲ್ಲಿಲ್ಲ. ನಲವತ್ತೈದರ ಆ ಮಗಳನ್ನು ತಾಯಿ ಈಗಲೂ 'ಮಗು' ಎಂದೇ ಕರೆಯುತ್ತಿದ್ದಳು.

ಮೊದಲ ಭಾನುವಾರ ಪರಮಪ್ರಸಾದದ ಚೂರೊಂದನ್ನು ಮಗಳ ನಾಲಿಗೆಯ ಮೇಲಿಟ್ಟು, ಚಮಚದಲ್ಲಿ ನೀರು ಕೊಟ್ಟು ಏಳುತ್ತಿದ್ದವನ ತೋಳನ್ನು ಗುಂಡಿಯಮ್ಮ ಹಿಡಿದಳು.

"ಕಾಂಪೌಂಡ್ರೇ, ಒಂದು ಪ್ರಾರ್ಥನೆ ಹೇಳ್ಕೊಡಿ. ನನಗಿಂತ ಮೊದಲು ಇವಳನ್ನ ಕರ್ಕೊಂಡುಬಿಡಪ್ಪಾ ಅಂತ."

ಅವನು "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಶುರು ಮಾಡಿ, ಅದನ್ನೇ ಮುಗಿಸಿ, ಕಣ್ಣು ತಪ್ಪಿಸಿ ಮೆಟ್ಟಿಲಿಳಿದ.

ಐದನೆಯ ಭಾನುವಾರ ಗುಂಡಿಯಮ್ಮ ಮಗಳ ಬಟ್ಟೆ ಬದಲಿಸುತ್ತಿದ್ದಳು. ಚಮಚ ತರಲೆಂದು ಕಾಂಪೌಂಡರ್ ಅಡುಗೆಮನೆಗೆ ಹೋದ. ಡ್ರಾಯರ್ ಎಳೆದರೆ, ರಬ್ಬರ್ ಬ್ಯಾಂಡ್ ಸುತ್ತಿದ ಮಾತ್ರೆ ಕಟ್ಟು. ಮಗಳಿಗೆ ರಾತ್ರಿ ನಿದ್ದೆಗೆಂದು ಡಾಕ್ಟರು ಬರೆದುಕೊಟ್ಟ ಮಾತ್ರೆಗಳೇ. ಒಂದನ್ನೂ ಬಿಡಿಸಿರಲಿಲ್ಲ. ಎಷ್ಟು ತಿಂಗಳಿಂದ ಕೂಡಿಟ್ಟದ್ದೆಂದು ತಿಳಿಯಲು ಅವನು ಎಣಿಸಬೇಕಾಗಲಿಲ್ಲ. ಕಟ್ಟನ್ನು ಕೈಯಲ್ಲಿ ಹಿಡಿದೇ ಕೋಣೆಗೆ ಬಂದ.

"ಅಕ್ಕಾ, ಏನಿದು?"

ಗುಂಡಿಯಮ್ಮ ಗಾಬರಿಪಡಲಿಲ್ಲ. ಮಗಳ ಅಂಗಿಯ ಕೊನೆಯ ಗುಂಡಿ ಹಾಕಿ, ತಿರುಗಿ ನೋಡಿದಳು.

"ಇಬ್ಬರಿಗೂ ಸಾಕಾಗತ್ತಾ? ನಿಮಗೆ ಗೊತ್ತಿರತ್ತಲ್ಲ, ನೀವೇ ಹೇಳಿ."

ಅವನು ಸ್ಟೂಲಿನ ಮೇಲೆ ಕೂತ.

"ಇವಳನ್ನ ಮಗ್ಗುಲು ಬದಲಿಸಕ್ಕೂ ಈಗ ನನ್ನ ಕೈಲಿ ಆಗಲ್ಲ. ಇವಳ ಬೆನ್ನೆಲ್ಲ ಹುಣ್ಣಾಗಿದೆ, ನೋಡಿ. ನಾಳೆ ನಾನು ಬಚ್ಚಲಲ್ಲಿ ಬಿದ್ದು ಸತ್ತರೆ, ಇವಳು ಮಂಚದ ಮೇಲೆ ಎಷ್ಟು ದಿನ ಕೂಗಬೇಕು? ವಾರಕ್ಕೊಂದು ಸಲ ಬರ್ತೀರಿ, ಕಾಲು ಗಂಟೆ ಇರ್ತೀರಿ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ. ಆದರೆ ಉಳಿದ ಹೊತ್ತು?"

ಅವನು ಎದ್ದು ಕಟ್ಟನ್ನು ಜೇಬಿಗೆ ತುರುಕಿಕೊಂಡ. ಗುಂಡಿಯಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಒಯ್ಯಬೇಡಿ ಕಾಂಪೌಂಡ್ರೇ. ನಿಮ್ಮ ದಮ್ಮಯ್ಯ."

ಅವಳನ್ನು ಪಕ್ಕಕ್ಕೆ ಸರಿಸಿ ಹೊರಬಿದ್ದ. ಆ ಮುದುಕಿಯನ್ನು ತಳ್ಳಿದ ಕೈಯನ್ನು ಅವನು ದಾರಿಯುದ್ದಕ್ಕೂ ಪ್ಯಾಂಟಿಗೆ ಉಜ್ಜುತ್ತಲೇ ನಡೆದ.

ಅವನಿಂದ ವಿಷಯ ಕೇಳಿ ಫಾದರ್ ಅವತ್ತೇ ಸಿಸ್ಟರುಗಳ ಆಶ್ರಮಕ್ಕೆ ಫೋನು ಮಾಡಿದರು. ಇದ್ದ ಹನ್ನೆರಡು ಹಾಸಿಗೆಯೂ ಭರ್ತಿ. "ಯಾರಾದರೂ ತೀರಿಕೊಂಡರೆ ಮೊದಲು ನಿಮಗೇ ಹೇಳ್ತಾರಂತೆ" ಎಂದು ಫಾದರ್ ತಲೆ ತಗ್ಗಿಸಿದರು. ಆರೈಕೆಗೆ ಜನ ಬೇಕೆಂದು ಎರಡು ಭಾನುವಾರ ಪೂಜೆಯಲ್ಲಿ ಕೂಗಿ ಹೇಳಿದರು. ಎಲ್ಲರೂ ಅಯ್ಯೋ ಪಾಪ ಎಂದರು. ಹೆಸರು ಮಾತ್ರ ಯಾರೂ ಕೊಡಲಿಲ್ಲ.

ಹೀಗಾಗಿ ಕಾಂಪೌಂಡರ್ ದಿನಾ ಎರಡು ಹೊತ್ತು ಹೋಗತೊಡಗಿದ. ಬೆಳಿಗ್ಗೆ ಹುಣ್ಣು ತೊಳೆದು ಮುಲಾಮು ಹಚ್ಚಿ, ರಾತ್ರಿ ಆ ದಿನದ ಮಾತ್ರೆಯನ್ನು ತಾನೇ ತಂದು, ತಾನೇ ನುಂಗಿಸಿ ಬರುತ್ತಿದ್ದ. ಗುಂಡಿಯಮ್ಮ ಅವನೊಡನೆ ಮಾತು ಬಿಟ್ಟಳು. ಮಗಳನ್ನು ಎತ್ತುವಾಗ ಆ ಕಡೆ ಕೈ ಕೊಡುವಳು, ಅಷ್ಟೇ. ಇಪ್ಪತ್ತು ದಿನ ಕಳೆಯುವಷ್ಟರಲ್ಲಿ ಅವನ ಹಳೆಯ ಹರ್ನಿಯಾ ಕೆರಳಿತು. ಮೆಟ್ಟಿಲ ನಡುವೆ ನಿಂತು, ಕಂಬಿ ಹಿಡಿದು, ದೇವರನ್ನು ಬಾಯಿಗೆ ಬಂದಂತೆ ಬೈದ. ಬೈದು ಮುಗಿಸಿ ಮೇಲೆ ಹತ್ತಿದ.

ಒಂದು ಬೆಳಿಗ್ಗೆ ಅವನಿಗೆ ಏಳಲಾಗಲಿಲ್ಲ. ಮೈ ಕೆಂಡದಂತೆ ಸುಡುತ್ತಿತ್ತು. ಫೋನು ಮಾಡೋಣವೆಂದರೆ ಗುಂಡಿಯಮ್ಮನ ಮನೆಯಲ್ಲಿ ಫೋನಿಲ್ಲ. ಹನ್ನೊಂದರ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಗೋಡೆ ಹಿಡಿದು ಹೋಗಿ ತೆರೆದರೆ ಗುಂಡಿಯಮ್ಮ. ಒಂದೊಂದು ಕಾಲಿಗೆ ಒಂದೊಂದು ಜೋಡಿಯ ಚಪ್ಪಲಿ, ಉಬ್ಬಸ.

"ಮಗು?" ಎಂದ.

"ಬೀಗ ಹಾಕಿ ಬಂದೆ." ಅವನ ಹಣೆ ಮುಟ್ಟಿ ಕೈ ಹಿಂದಕ್ಕೆಳೆದಳು. "ನೀವು ಸತ್ತೇಹೋದ್ರಿ ಅಂದ್ಕೊಂಡೆ."

ಹೊಸ್ತಿಲ ಮೇಲೇ ಕೂತು ಅಳತೊಡಗಿದಳು. ಸದ್ದಿಲ್ಲದ ಅಳು, ಭುಜ ಮಾತ್ರ ಅಲುಗುತ್ತಿತ್ತು. ಅವನಿಗೆ ಅವಳನ್ನು ಎಬ್ಬಿಸುವ ಶಕ್ತಿಯೂ ಇರಲಿಲ್ಲ. ಪಕ್ಕದಲ್ಲೇ ಕೂತ.

ಸ್ವಲ್ಪ ಹೊತ್ತಿಗೆ ಅವಳೇ ಎದ್ದಳು. "ಏಳಿ. ನಮ್ಮನೇಲಿ ಇನ್ನೊಂದು ಹಾಸಿಗೆ ಇದೆ. ನೋಡೋದೇ ಆದ್ರೆ ಇಬ್ಬರನ್ನೂ ಒಂದೇ ಕಡೆ ನೋಡ್ತೀನಿ. ಎರಡು ಮನೆಗೆ ಓಡಾಡಕ್ಕೆ ನನ್ನ ಕೈಲಾಗಲ್ಲ."

ಇಬ್ಬರೂ ಒಬ್ಬರ ತೋಳನ್ನೊಬ್ಬರು ಹಿಡಿದು ಹೊರಟರು. ಬೀದಿಯ ಜನ ದಾರಿ ಬಿಟ್ಟರು. ಮೆಟ್ಟಿಲ ಬುಡ ತಲುಪುವಷ್ಟರಲ್ಲಿ ಮೇಲಿನಿಂದ ಮಗಳ ಕೂಗು ಕೇಳಿಸಿತು. ಗುಂಡಿಯಮ್ಮ ಅವನ ತೋಳು ಬಿಟ್ಟು ಕಂಬಿ ಹಿಡಿದು ಹತ್ತಿದಳು. ಅವನು ಕೆಳಗಿನ ಮೆಟ್ಟಿಲ ಮೇಲೆ ಕೂತು, ಮೇಲೆ ಹತ್ತುವಷ್ಟು ಉಸಿರು ತಿರುಗಲಿ ಎಂದು ಕಾದ.