ಬೆನ್ನು ಮಾಡಿ ನಿಂತವಳು

ಕುದುರೆಯನ್ನು ನಾವು ಆರಿಸಬಾರದು. ಅದಕ್ಕೆ ಬೆನ್ನು ಮಾಡಿ ನಿಲ್ಲಬೇಕು, ಬಂದು ಭುಜ ಮೂಸಿದ್ದೇ ನಮ್ಮದು. ಮೈಸೂರಿನ ಕುದುರೆ ಪಡೆಯಲ್ಲಿ ನಂಜರಾಜೇ ಅರಸರು ಕಲಿತ ಪಾಠ ಇದು. ಮುತ್ತು, ಬಿಜಲಿ, ಕಸ್ತೂರಿ ಮೂವರೂ ಹಾಗೆಯೇ ಬಂದವರು. ಮೂವರೂ ಮಣ್ಣು ಸೇರಿ ವರ್ಷಗಳಾದವು.

ಈಗ ಅರಸರು ಕೊಚ್ಚಿಯ ಬ್ಯಾಂಕೊಂದರಲ್ಲಿ ಗುಮಾಸ್ತರು, ವಯಸ್ಸು ನಲವತ್ತೆಂಟು. ತಿರುವನಂತಪುರದಲ್ಲಿ ಹೆಣ್ಣು ಕುದುರೆಯೊಂದು ಮಾರಾಟಕ್ಕಿದೆ ಎಂದು ಕೇಳಿದ್ದೇ ತಡ, ರಜೆ ಹಾಕಿ ಬಸ್ಸು ಹತ್ತಿದ್ದರು.

ಅಲ್ಲಿನ ಲಾಯದ ಬಯಲಿನಲ್ಲಿ ಕುದುರೆಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ ನಿಂತರು. ತೆಂಗಿನ ಗರಿಗಳ ಸದ್ದಿನೊಳಗೆ ಮುತ್ತುವಿನ ಗೊರಸಿನ ಸಪ್ಪಳ ಕೇಳಿಸಿತು. ಬಿಜಲಿಯ ಬೆವರಿನ ವಾಸನೆ ಮೂಗಿಗೆ ಬಡಿಯಿತು, ಕಸ್ತೂರಿಯ ಬಿಸಿಯುಸಿರು ಕುತ್ತಿಗೆಗೆ ತಾಕಿತು. ಎಷ್ಟು ಹೊತ್ತಾಯಿತೋ. ಭುಜವನ್ನು ಮಾತ್ರ ಯಾರೂ ಮೂಸಲಿಲ್ಲ.

"ವರಿಲ್ಲ ಸಾರೇ," ಎಂದ ಲಾಯದ ಮುದುಕ. "ಅವಳು ಯಾರ ಹತ್ತಿರವೂ ಬರೋದಿಲ್ಲ."

ಅರಸರಿಗೆ ರೇಗಿತು. "ಅಷ್ಟೊಂದು ಜಂಬವೇನ್ರೀ ಅವಳಿಗೆ?" ಎನ್ನುತ್ತಾ ತಿರುಗಿದರು.

ಬಯಲಿನ ಆ ತುದಿಯಲ್ಲಿ ಕೆಂದು ಕುದುರೆ ಅವರಿಗೇ ಬೆನ್ನು ಮಾಡಿ ನಿಂತಿತ್ತು. ಒಂದು ಕಿವಿ ಮಾತ್ರ ಹಿಂದಕ್ಕೆ ಹೊರಳಿ ಕಾಯುತ್ತಿತ್ತು.

ಅರಸರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಎಡಗಡೆಯಿಂದ ಬಳಸಿಕೊಂಡು ಹೋಗಿ, ಅವಳ ಭುಜ ಮೂಸಿದರು.