ಕಿತ್ತುಹೋಗದ ಬೆಲ್ಟು

ದಂಡಿಗನಹಳ್ಳಿಯಲ್ಲಿ ಹಿಟ್ಟಿನ ಮಿಲ್ಲು ಇಟ್ಟಿದ್ದ ಮಾದಯ್ಯನಿಗೆ ಅರವತ್ತೈದು ದಾಟಿತ್ತು. ಹಿಟ್ಟಿನ ಧೂಳು ಕುಡಿದೂ ಕುಡಿದೂ ಕೆಮ್ಮು ಹತ್ತಿ, ಮಿಲ್ಲು ಬಿಟ್ಟುಬಿಡಿ ಎಂದು ಹಾಸನದ ಡಾಕ್ಟರು ಹೇಳಿ ವರ್ಷವಾಗಿತ್ತು. ಈ ಮಹಾಶಯ ಮಾತ್ರ ಸಂಕ್ರಾಂತಿ ಕಳೆಯಲಿ, ಯುಗಾದಿ ಕಳೆಯಲಿ ಎಂದು ಮೀನಮೇಷ ಎಣಿಸುತ್ತಲೇ ಇದ್ದ. ಸಾಲಸೋಲ ಇರಲಿಲ್ಲ, ಮಗಳ ಮದುವೆಯೂ ಆಗಿತ್ತು. ಆದರೂ ದಿನಾ ಕೈಗೆ ಬೀಳುವ ಚಿಲ್ಲರೆ ನಿಂತುಹೋದರೆ ಎಂದು ನೆನೆದರೆ ಸಾಕು, ಅವನ ಎದೆ ಧಸಕ್ಕೆನ್ನುತ್ತಿತ್ತು.

“ಪೋಸ್ಟಾಫೀಸ್ ಬಡ್ಡಿ ಬತ್ತದೆ, ತೆಂಗಿನಕಾಯಿ ದುಡ್ಡು ಬತ್ತದೆ. ಇನ್ನೇನ್ ಬೇಕು ನಿಮ್ಗೆ?” ಎಂದಳು ಹೆಂಡತಿ ವಿಜಯಮ್ಮ.

“ಇವತ್ಗೆ ಸಾಕು ಕಣೆ. ನಾಳೀಕೆ?”

“ಅಂಗಾರೆ ಒಂದ್ ತಿಂಗ್ಳು ನಿಲ್ಸಿ ನೋಡಿ. ಸಾಲ್ದಿದ್ರೆ ಮತ್ತೆ ಸುರು ಮಾಡೀರಂತೆ.”

ಒಪ್ಪಿದನೇನೋ ಸರಿ, ಊರವರಿಗೆ ಹೇಳಲು ನಾಲಿಗೆ ಏಳಬೇಕಲ್ಲ. ಮಿಷನ್ನಿನ ಬೆಲ್ಟು ಬಿಚ್ಚಿ ಅಟ್ಟಕ್ಕೆ ಹಾಕಿದ. ರಾಗಿ ಹೊತ್ತು ಬಂದವರಿಗೆಲ್ಲ “ಬೆಲ್ಟು ಕಿತ್ತೋಗೈತೆ” ಎಂದುಬಿಟ್ಟ.

ಸಂಜೆಯಾದರೆ ಬರಿದಾದ ಜೇಬು ತಡಕುತ್ತ ಚಡಪಡಿಸುತ್ತಿದ್ದ. ಕೆಮ್ಮು ಮಾತ್ರ ಇಳಿಯಿತು. ತಿಂಗಳ ಕೊನೆಗೆ ದಿನಸಿ, ಕರೆಂಟು, ಔಷಧಿ ಎಲ್ಲ ಕಳೆದು ವಿಜಯಮ್ಮನ ಡಬ್ಬಿಯಲ್ಲಿ ಇನ್ನೂ ದುಡ್ಡಿತ್ತು. ಮಾದಯ್ಯ ಅದನ್ನು ಎರಡೆರಡು ಸಲ ಎಣಿಸಿದ.

ಮಾರನೆಯ ಬೆಳಿಗ್ಗೆ, ಹಿಂದೊಮ್ಮೆ ಮಿಲ್ಲನ್ನು ಬಾಡಿಗೆಗೆ ಕೇಳಿ ಬೈಸಿಕೊಂಡಿದ್ದ ಪಕ್ಕದ ಮನೆಯ ಕೀರ್ತಿರಾಜ್ ಬಂದ. ಕೈಯಲ್ಲಿ ಹೊಸ ಬೆಲ್ಟಿತ್ತು.

“ಚನ್ರಾಯಪಟ್ಣಕ್ಕೆ ರಾಗಿ ಹೊತ್ತು ಸಾಕಾಗೋಯ್ತು ಮಾದಣ್ಣ. ಬೀದಿಯೋರೆಲ್ಲ ದುಡ್ಡಾಕಿ ತಂದಿವಿ. ಹಾಕಿ, ಸುರು ಮಾಡಿ.”

ಮಾದಯ್ಯನಿಗೆ ನಾಚಿಕೆಯಿಂದ ಭೂಮಿಗೆ ಇಳಿದುಹೋದಂತಾಯಿತು. ಬೆಲ್ಟು ಹಾಕಿದರೆ ಮತ್ತೆ ಅದೇ ಧೂಳು, ಅದೇ ಕೆಮ್ಮು. ವಿಜಯಮ್ಮ ಹೊಸಿಲ ಬಳಿ ನಿಂತು ನೋಡುತ್ತಿದ್ದಳು.

“ಕಿತ್ತೋಗಿರ್ಲಿಲ್ಲ ಕಣ್ಲಾ. ಬಿಟ್ಬುಡನ ಅಂತ ನಾನೇ ಬಿಚ್ಚಿಟ್ಟಿದ್ದೆ. ಹೇಳಕ್ಕೆ ಧೈರ್ಯ ಬರ್ಲಿಲ್ಲ,” ಎಂದು ಮಾದಯ್ಯ ಮಿಲ್ಲಿನ ಬೀಗದ ಕೈ ತೆಗೆದು ಕೀರ್ತಿರಾಜನ ಕೈಗಿಟ್ಟ. “ಇನ್ಮ್ಯಾಕೆ ನೀನೇ ನಡ್ಸು. ಬಾಡ್ಗೆ ನಮ್ಮನೆಯವ್ಳ ಕೈಗೆ ಕೊಡು.”

ಮುಂದಿನ ವಾರ ಮಾದಯ್ಯ ರಾಗಿ ಹೊತ್ತು ಹೋಗಿ ಮಿಲ್ಲಿನ ಮುಂದೆ ಸಾಲಿನಲ್ಲಿ ನಿಂತ. ಬೀಸಿದ ಕೂಲಿಗೆಂದು ಅವನ ಮನೆಯಿಂದ ಅಲ್ಲಿಯವರೆಗೆ ಒಂದು ರೂಪಾಯಿ ಆಚೆ ಹೋದದ್ದೇ ಇರಲಿಲ್ಲ. ಅವನು ನೋಟು ಚಾಚಿದ್ದಕ್ಕೆ ಕೀರ್ತಿರಾಜ್ ಕೈ ಹಿಂದಕ್ಕೆಳೆದುಕೊಂಡ.

“ನಿಮ್ ಮಿಲ್ಲಿಗೆ ನೀವೇ ದುಡ್ಡು ಕೊಡದಾ? ಮಡಿಕಳ್ಳಿ ಮಾದಣ್ಣ.”

“ತಗಳ್ಳಾ,” ಎಂದ ಮಾದಯ್ಯ. “ನಂತಾವ ಐತೆ.”