ಹತ್ತೋದು ಕಾಲಲ್ಲಿ, ಇಳಿಯೋದು ಲಿಫ್ಟಲ್ಲಿ

ನಾಲ್ಕು ಮೆಟ್ಟಿಲು ಹತ್ತಿದ್ರೆ ಎದೆ ಹಿಡ್ಕೊಂಡು ನಿಲ್ಲೋರು ಪ್ರತಿ ಮನೇಲೂ ಒಬ್ಬರು ಇರ್ತಾರೆ. ನಿಮ್ಮನೇಲಿ ಯಾರು ಅಂತ ನಿಮಗೇ ಗೊತ್ತು. ನಮ್ಮನೇಲಿ ನಮ್ಮ ಯಜಮಾನ್ರು. ಅವರ ಕೆಲಸ ಏನು ಗೊತ್ತಾ? ಲಿಫ್ಟ್ ಓಡಿಸೋದು.

ಏಳು ಮಹಡಿಯ ಹಳೇ ಕಟ್ಟಡ ನಮ್ಮದು. ನಮ್ಮದು ಅಂದ್ರೆ ನಾವು ದುಡಿಯೋ ಜಾಗ, ನಮ್ಮಪ್ಪನ ಆಸ್ತಿ ಏನಲ್ಲ. ಕೆಳಗೆ ಮೆಟ್ಟಿಲ ಪಕ್ಕ ನನ್ನ ಟೀ ಅಂಗಡಿ. ಒಂದು ಸ್ಟೌ, ಒಂದು ಹಲಗೆ, ಒಂದಷ್ಟು ಗಾಜಿನ ಲೋಟ. ಎದುರಿಗೇ ಕಬ್ಬಿಣದ ಜಾಲರಿ ಬಾಗಿಲಿನ ಲಿಫ್ಟು, ಒಳಗೆ ಸ್ಟೂಲ್ ಮೇಲೆ ಇವರು. ಜಾಲರಿ ಎಳೆಯೋದು, ಹಿಡಿ ತಿರುಗಿಸೋದು, "ಮೂರನೇ ಮಹಡಿ" ಅಂತ ಕೂಗೋದು. ಎಲ್ಲರ ಬಾಯಲ್ಲೂ ಇವರು ಲಿಫ್ಟಣ್ಣ. ಬೆಳಗಿಂದ ಸಂಜೆ ತನಕ ಮೇಲೆ ಕೆಳಗೆ ಓಡಾಡೋ ಮನುಷ್ಯ, ಕಾಲು ಮಾತ್ರ ಇಟ್ಟಲ್ಲೇ ಇರುತ್ತೆ. ವರ್ಷಾನುಗಟ್ಟಲೆ ಹೀಗೇ ಕಳೆದು, ಬಗ್ಗಿ ಚಪ್ಪಲಿ ಪಟ್ಟಿ ಹಾಕ್ಕೊಳ್ಳೋಕೂ ಉಸಿರು ಕಟ್ಟೋ ಹಾಗಾಗಿತ್ತು. ನಾನು ಹಂಗಿಸ್ತಿದ್ದೆ, ಇವರು ನಗ್ತಿದ್ರು, ಸಂಸಾರ ನಡೀತಿತ್ತು.

ಒಂದು ದಿನ ಕಟ್ಟಡದ ಮ್ಯಾನೇಜರ್ರು ಟೀಗೆ ಬಂದವರು, ಕುಡಿದಾದ್ಮೇಲೂ ಹೋಗದೆ ನಿಂತ್ರು.

"ಲಿಫ್ಟಣ್ಣ, ಬೇಜಾರು ಮಾಡ್ಕೋಬೇಡಿ. ಈ ಹಳೇ ಲಿಫ್ಟ್ ತೆಗೀತಾರೆ. ಹೊಸದಕ್ಕೆ ಗುಂಡಿ ಒತ್ತಿದ್ರೆ ಸಾಕು, ಓಡಿಸೋರು ಬೇಡ."

ಇವರ ಮುಖ ಬಿಳಿಚ್ಕೊಂಡು ಹೋಯ್ತು. "ಹಾಗಾದ್ರೆ ನಾನು, ಸಾರ್?"

"ಒಂದು ಕೆಲಸ ಇದೆ. ಮಹಡಿ ಮಹಡಿಗೂ ಟಪಾಲು ಮುಟ್ಟಿಸೋದು. ಆದ್ರೆ ಹೊಸ ಲಿಫ್ಟ್ ಕೂರಿಸೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ, ಅಲ್ಲೀತನಕ ಎಲ್ಲಾ ಮೆಟ್ಟಿಲ ಮೇಲೇ. ನಿಮ್ಮ ಕೈಲಾದ್ರೆ ಕೆಲಸ ನಿಮ್ದೇ. ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ. ಹಳೇದನ್ನ ಬಿಚ್ಚೋಕೆ ಇನ್ನೂ ಸಮಯ ಇದೆ. ಯೋಚನೆ ಮಾಡಿ ಹೇಳಿ."

"ಆಗುತ್ತೆ ಸಾರ್," ಅಂದೇಬಿಟ್ರು. ಯೋಚನೆ ಗೀಚನೆ ಏನೂ ಇಲ್ಲ.

ಮನೇಲಿ ತಟ್ಟೆ ಮುಂದೆ ಕೂತಾಗ ತುತ್ತು ಬಾಯಿಗೆ ಹೋಗಲಿಲ್ಲ. "ಈ ವಯಸ್ಸಲ್ಲಿ ಇನ್ಯಾರು ನನ್ನ ಕೆಲಸಕ್ಕೆ ಕರೀತಾರೆ?" ಅಂದ್ರು. ಮಗಳ ಓದು ಅರ್ಧ ದಾರೀಲಿದೆ. ನನ್ನ ಟೀ ಒಂದನ್ನೇ ನಂಬ್ಕೊಂಡ್ರೆ ಮನೆ ನಡೆಯಲ್ಲ. ಅದಕ್ಕಿಂತ ಹೆಚ್ಚಾಗಿ, ಮನೇಲಿ ಸುಮ್ನೆ ಕೂತ್ರೆ ಈ ಮನುಷ್ಯ ಕೊರಗಿ ಕೊರಗಿ ಮಂಕಾಗಿಬಿಡ್ತಾರೆ ಅಂತ ಭಯ ಆಯ್ತು.

ಮರುದಿನ ಲಿಫ್ಟ್ ತೆರೆಯೋ ಮುಂಚೆಯೇ ಮೆಟ್ಟಿಲಿಗೆ ಲಗ್ಗೆ ಇಟ್ರು. ಹೊಸ ಅಳಿಯನ ಥರ ಎದೆ ಸೆಟೆಸಿಕೊಂಡು ಹೋದವರು ಎರಡನೇ ಮಹಡಿ ತಿರುವಲ್ಲಿ ಕುಸಿದು ಕೂತ್ರು. ನಾನು ನೀರು ತಗೊಂಡು ಓಡ್ಬೇಕಾಯ್ತು. ರಸ್ತೆ ಆಚೆ ಒಂದು ಜಿಮ್ ಇದೆ, ಸಂಜೆ ಅದರ ಗಾಜಿನ ಮುಂದೆ ಇಬ್ಬರೂ ಹೋಗಿ ನಿಂತ್ವಿ. ಒಳಗಿದ್ದವರ ಶೂ ನೋಡೇ ನಾನು ಇವರ ತೋಳು ಹಿಡಿದು ವಾಪಸ್ ಎಳ್ಕೊಂಡು ಬಂದೆ. "ಅದೆಲ್ಲ ಉಳ್ಳವರಿಗೆ ಕಣ್ರೀ. ನಮಗೆ ದುಡ್ಡೂ ಇಲ್ಲ, ಪುರುಸೊತ್ತೂ ಇಲ್ಲ."

ಆಗ ಇವರ ತಲೇಲಿ ಒಂದು ಉಪಾಯ ಹೊಳೀತು. ಲಿಫ್ಟ್ ಓಡಿಸೋರಿಗೆ ಮಾತ್ರ ಹೊಳೆಯೋ ಉಪಾಯ.

"ನೋಡೇ, ಜನ ತುಂಬಿರೋ ಲಿಫ್ಟು ಹತ್ತೋವಾಗ ಮುಲುಗುತ್ತೆ. ಇಳಿಯೋವಾಗ ಸೊಯ್ ಅಂತ ಬರುತ್ತೆ. ನಾನೂ ಇಳಿಯೋದ್ರಿಂದ ಶುರು ಮಾಡ್ತೀನಿ. ಕಾಲಿಗೆ ಮೆಟ್ಟಿಲು ಅಭ್ಯಾಸ ಆಗ್ಲಿ, ಹತ್ತೋದು ಆಮೇಲೆ ನೋಡ್ಕೊಳ್ಳೋಣ."

ಕೇಳೋಕೆ ಎಷ್ಟು ಸರಿಯಾಗಿದೆ ಅಲ್ವಾ? ನನಗೂ ಸರಿ ಅನ್ನಿಸ್ತು. ಇವರ ಊಟದ ಹೊತ್ತಲ್ಲಿ ಲಿಫ್ಟ್ ನೋಡ್ಕೊಳ್ಳೋದು ಮೊದಲಿಂದಲೂ ನಾನೇ. ಆಗ ಟೀ ಕೇಳೋರು ಕಡಿಮೆ. ಮರುದಿನ ಮಧ್ಯಾಹ್ನ ಇವರನ್ನ ಏಳನೇ ಮಹಡೀಲಿ ಬಿಟ್ಟು ಬಂದೆ. ದಡದಡ ಇಳಿದು ಬಂದ್ರು. ಮತ್ತೆ ಬಿಟ್ಟೆ, ಮತ್ತೆ ಇಳಿದ್ರು. ಉಸಿರೂ ಹೆಚ್ಚು ಹತ್ತಲಿಲ್ಲ. "ಇಷ್ಟೇನಾ!" ಅಂತ ಮೀಸೆ ತಿರುವಿದ್ರು. ಬಿಟ್ಟೂ ಬಿಡದೆ ಊಟದ ಹೊತ್ತೆಲ್ಲ ಅದೇ ಆಯ್ತು.

ಮರುದಿನ ಬೆಳಿಗ್ಗೆ ತೊಡೆ ಹಿಡ್ಕೊಂಡಿತ್ತು. ಅದರ ಮರುದಿನ ಅಂತೂ ಕೇಳಬೇಡಿ. ಹಾಸಿಗೆಯಿಂದ ಏಳೋಕೆ ನಾನು ಒಂದು ಕೈ, ಮಗಳು ಒಂದು ಕೈ. ಬಚ್ಚಲಿಗೆ ಹೋಗೋಕೂ ಗೋಡೆ ಹಿಡ್ಕೊಂಡು "ಅಯ್ಯೋ, ಅಮ್ಮಾ" ಅಂತ ಹಾಡು. ಮಗಳು ನಗು ತಡೀಲಾರದೆ ಬೇರೆ ಕೋಣೆಗೆ ಓಡಿದ್ಲು. ಕೆಲಸಕ್ಕೆ ರಜ ಹಾಕ್ಬೇಕಾಯ್ತು. ಲಿಫ್ಟ್ ಹತ್ರ ನನ್ನೊಬ್ಬಳನ್ನೇ ನೋಡಿದ ಮ್ಯಾನೇಜರ್ರು "ಟಪಾಲಿಗೆ ಯಾರನ್ನಾದ್ರೂ ನೋಡಿಟ್ಕೊಳ್ಳೋದು ವಾಸಿ ಅನ್ಸುತ್ತಮ್ಮ" ಅಂದ್ರು. ಪಾಪ, ಮೆತ್ತಗೇ ಹೇಳಿದ್ರು. ನನಗೆ ಕೆನ್ನೆಗೆ ಹೊಡೆದ ಹಾಗಾಯ್ತು.

ಎರಡನೇ ಮಹಡೀಲಿ ಒಂದು ಸಣ್ಣ ಕ್ಲಿನಿಕ್ಕಿದೆ. ಅಲ್ಲಿನ ನರ್ಸಕ್ಕ ದಿನಾ ನನ್ನ ಹತ್ರ ಟೀ ಕುಡಿಯೋರು. ಆವತ್ತು ನನ್ನ ಮುಖ ನೋಡಿ, "ಏನು ಟೀ ಕಹಿಯಾಗಿದೆ?" ಅಂದ್ರು. ಎಲ್ಲಾ ಹೇಳ್ಕೊಂಡೆ. ಬಿದ್ದು ಬಿದ್ದು ನಕ್ರು. ನನಗೆ ರೇಗಿ ಹೋಯ್ತು.

"ನಗಬೇಡಿ ನರ್ಸಕ್ಕ, ನಮಗೆ ಪ್ರಾಣಸಂಕಟ."

"ತಪ್ಪಾಯ್ತು. ಆದ್ರೆ ಲಿಫ್ಟಣ್ಣ ಎಲ್ಲಾ ತಲೆಕೆಳಗು ಮಾಡ್ಕೊಂಡಿದ್ದಾರೆ ಕಣಮ್ಮ. ಇಳಿಯೋವಾಗ ಉಸಿರಿಗೆ ಸುಲಭ, ತೊಡೆಗಲ್ಲ. ಒಂದೊಂದು ಮೆಟ್ಟಿಲಲ್ಲೂ ಮೈಭಾರ ಎಲ್ಲ ತೊಡೆ ಬ್ರೇಕ್ ಹಾಕಿ ತಡೀಬೇಕು. ಅಭ್ಯಾಸ ಇಲ್ಲದ ಕಾಲಿಗೆ ಈ ನೋವು ಬರೋದೇ. ಕೆಲವು ದಿನಕ್ಕೆ ತಾನಾಗೇ ಇಳಿಯುತ್ತೆ, ಹೆದರಬೇಡಿ. ಆಮೇಲೆ ತಿರುಗಿಸಿ ಮಾಡಲಿ. ಹತ್ತೋದು ಕಾಲಲ್ಲಿ, ಇಳಿಯೋದು ಲಿಫ್ಟಲ್ಲಿ."

"ಹತ್ತೋಕೇ ಆಗಲ್ವಲ್ಲ ಅವರಿಗೆ!"

"ಏಳು ಮಹಡಿ ಯಾರು ಹತ್ತು ಅಂದ್ರು? ಒಂದು ಮಹಡಿ."

"ಒಂದಾ? ಒಂದು ಮಹಡಿ ಹತ್ತಿದ್ರೆ ಯಾವ ಗುಡ್ಡ ಕಡಿದ ಹಾಗಾಯ್ತು, ನರ್ಸಕ್ಕ? ಸುಮ್ನೆ ಸಮಾಧಾನಕ್ಕೆ ಹೇಳ್ತೀರಾ ನೀವು."

ನರ್ಸಕ್ಕ ಲೋಟ ಕೆಳಗಿಟ್ರು. "ವರ್ಷಾನುಗಟ್ಟಲೆ ಕೂತಿರೋ ದೇಹ ಅದು. ನೀವು ಒಂದೇ ದಿನ ಅದರ ಮೇಲೆ ಏಳು ಮಹಡಿ ಹೊರಿಸಿದ್ರೆ ಮುಷ್ಕರ ಮಾಡುತ್ತೆ, ಮಾಡಿತಲ್ಲ? ನೆನ್ನೆಗಿಂತ ಒಂದು ಚೂರು ಹೆಚ್ಚು ಕೇಳಿ, ಮಾಡ್ಕೊಡುತ್ತೆ. ಆಮೇಲೆ ಇನ್ನೊಂದು ಚೂರು."

"ಶೂ ಬೇಡ್ವಾ?"

"ಜಾರದ, ಹಿಂದೆ ಪಟ್ಟಿ ಇರೋ ಚಪ್ಪಲಿ ಸಾಕು."

"ಟೈಮು?"

"ಊಟ ಆದ್ಮೇಲೆ ನಿಮ್ಮೆಜಮಾನ್ರು ಏನು ಮಾಡ್ತಾರೆ?"

"ಸ್ಟೂಲ್ ಮೇಲೆ ತೂಕಡಿಸ್ತಾರೆ."

"ಹಾಗಾದ್ರೆ ಟೈಮು ಇದೆ. ಊಟಕ್ಕೆ ಮುಂಚೆ ಹತ್ತಲಿ, ಆಮೇಲೆ ತೂಕಡಿಸಲಿ. ಮೊದಲು ನನ್ನ ಹತ್ರ ಕರ್ಕೊಂಡು ಬನ್ನಿ, ಬಿಪಿ ನೋಡೋಣ, ಡಾಕ್ಟರೂ ಒಮ್ಮೆ ನೋಡಲಿ. ಎದೆ ನೋವು, ತಲೆಸುತ್ತು ಬಂದ್ರೆ ಅಲ್ಲೇ ನಿಲ್ಲಿಸ್ಬೇಕು, ಹಟ ಮಾಡಬಾರದು, ತಕ್ಷಣ ಡಾಕ್ಟರಿಗೆ ತೋರಿಸ್ಬೇಕು. ಇನ್ನೊಂದು ವಿಷಯ. ಹತ್ತೋವಾಗ ಮಾತಾಡೋಕೆ ಆಗ್ಬೇಕು. ಹೆಂಡತೀನ ಬೈಯೋಷ್ಟು ಉಸಿರು ಉಳಿದಿದ್ರೆ ವೇಗ ಸರಿಯಾಗಿದೆ ಅಂತ ಅರ್ಥ."

"ಅದಕ್ಕೇನೂ ಕಮ್ಮಿ ಇಲ್ಲ ಬಿಡಿ," ಅಂದೆ.

ಡಾಕ್ಟರ್ ನೋಡಿದ್ರು. ಬಿಪಿ ಸ್ವಲ್ಪ ಹೆಚ್ಚಿತ್ತು. ಮಾತ್ರೆ ಬರೆದು, "ನಿಧಾನವಾಗಿ ಶುರು ಮಾಡಿ, ಮಧ್ಯೆ ಮಧ್ಯೆ ಬಂದು ತೋರಿಸ್ತಾ ಇರಿ" ಅಂದ್ರು. ತೊಡೆ ನೋವು ಇಳಿದ ಮೇಲೆ ನಮ್ಮ ಹೊಸ ದಿನಚರಿ ಶುರುವಾಯ್ತು. ಇವರು ಮೆಟ್ಟಿಲಲ್ಲಿ, ನಾನು ಲಿಫ್ಟಲ್ಲಿ. ನಾನು ಮೊದಲೇ ಹೋಗಿ ಒಂದನೇ ಮಹಡೀಲಿ ಜಾಲರಿ ತೆಗೆದು ನಿಂತಿರ್ತಿದ್ದೆ. ಕೆಳಗಿಂದ ಇವರ ದನಿ ಬರೋದು. "ಇವತ್ತು ಟೀಗೆ ಸಕ್ಕರೆ ಹಾಕೋದು ಮರೆತಿದ್ದೀಯ, ನಿನ್ನ ತಲೆ ಎಲ್ಲಿರುತ್ತೆ? ನೆನ್ನೆ ಛತ್ರಿ ಎಲ್ಲಿ ಬಿಟ್ಟು ಬಂದೆ?" ಬೈಗುಳ ತುಂಡು ತುಂಡಾದ್ರೆ ನಾನು ಮೇಲಿಂದ "ನಿಂತ್ಕೊಳ್ರೀ!" ಅಂತ ಕೂಗ್ತಿದ್ದೆ. ಬೈಗುಳ ಸಲೀಸಾದ ಮೇಲೆ ಎರಡನೇ ಮಹಡಿ. ಲಿಫ್ಟಿಗೆ ಯಾರೂ ಬರದ ಹೊತ್ತಲ್ಲಿ ಸ್ಟೂಲಿಂದ ಎದ್ದು ಕೂತು, ಎದ್ದು ಕೂತು ಮಾಡೋದು. ಅದೂ ನರ್ಸಕ್ಕ ಹೇಳಿಕೊಟ್ಟಿದ್ದೇ.

ಎಲ್ಲಾ ಸಲೀಸಾಗಿ ಆಯ್ತು ಅಂತ ಹೇಳಿದ್ರೆ ಸುಳ್ಳಾಗುತ್ತೆ. ಮಧ್ಯೆ ಜ್ವರ ಬಂದು ಮಲಗಿದ್ರು. ಎದ್ದವರು "ಎಲ್ಲಾ ನೀರಲ್ಲಿ ಹೋಮ ಆಯ್ತು" ಅಂತ ಮುಖ ಊದಿಸ್ಕೊಂಡು ಕೂತ್ರು. "ಎಲ್ಲೂ ಹೋಗಿಲ್ಲ, ಒಂದು ಮಹಡಿ ಕಡಿಮೆಯಿಂದ ಶುರು ಮಾಡಿ" ಅಂದ್ರು ನರ್ಸಕ್ಕ. ಇನ್ನೊಂದು ಸಲ, ಸ್ವಲ್ಪ ಕಸುವು ಬಂದ ಖುಷೀಲಿ, ಒಂದೇ ದಿನಕ್ಕೆ ಕೊನೇ ಮಹಡಿಗೆ ಹೋಗ್ತೀನಿ ಅಂತ ಹೊರಟ್ರು. ನಾನು ಮೆಟ್ಟಿಲಿಗೆ ಅಡ್ಡ ನಿಂತೆ. ಪಕ್ಕದ ಮನೆಯಾಕೆಯಂತೂ "ಹೊಟ್ಟೆ ಹಾಗೇ ಇದೆಯಲ್ಲ ನಿಮ್ಮವರದು!" ಅಂತ ಬೇಕಂತಲೇ ಕೇಳಿದ್ಲು. ನಿಜ, ಹೊಟ್ಟೆ ಹೆಚ್ಚುಕಮ್ಮಿ ಹಾಗೇ ಇತ್ತು. ಆದ್ರೆ ಮಲಗಿದ ತಕ್ಷಣ ನಿದ್ದೆ ಬರ್ತಿತ್ತು. ಬೆಳಿಗ್ಗೆ ಎದ್ದಾಗ ಮುಖದಲ್ಲಿ ಸಿಡುಕು ಇರ್ತಿರಲಿಲ್ಲ. ಕೆಲವು ಬದಲಾವಣೆ ಕನ್ನಡೀಲಿ ಕಾಣೋಲ್ಲ, ಒಟ್ಟಿಗೆ ಬಾಳೋರಿಗೆ ಮಾತ್ರ ಗೊತ್ತಾಗುತ್ತೆ. ಲಿಫ್ಟ್ ಬಿಚ್ಚೋ ದಿನ ಹತ್ತಿರ ಬಂದ ಹಾಗೆ, ಕಂಬಿ ಹಿಡ್ಕೊಂಡು ಇಳಿಯೋದನ್ನೂ ಸ್ವಲ್ಪ ಸ್ವಲ್ಪವೇ ಸೇರಿಸ್ಕೊಂಡ್ರು.

ಆ ದಿನ ಬಂದೇ ಬಂತು. ಲಿಫ್ಟಿಗೆ ಅಡ್ಡ ಹಲಗೆ ಹೊಡೆದ್ರು. ಮ್ಯಾನೇಜರ್ರು ಟಪಾಲಿನ ಚೀಲ ಇವರ ಹೆಗಲಿಗೆ ಹಾಕಿ, "ನಿಧಾನ ಲಿಫ್ಟಣ್ಣ. ಆಗದಿದ್ರೆ ವಾಪಸ್ ಬನ್ನಿ, ಮುಚ್ಚುಮರೆ ಬೇಡ" ಅಂದ್ರು. ಇವರು ನನ್ನ ಕಡೆ ಒಮ್ಮೆ ನೋಡಿ ಹತ್ತೋಕೆ ಶುರು ಮಾಡಿದ್ರು.

ನಾನು ಕೆಳಗೆ ನಿಂತೆ. ಒಂದನೇ ಮಹಡೀಲಿ ಬಾಗಿಲು ತಟ್ಟಿದ ಸದ್ದು, ಇವರ "ಟಪಾಲ್!" ಕೇಳಿಸ್ತು. ಎರಡನೇದೂ ಕೇಳಿಸ್ತು. ಮೂರನೇದು ಸಣ್ಣಗೆ. ಆಮೇಲೆ ಏನೂ ಇಲ್ಲ. ಸ್ಟೌ ಮೇಲೆ ಹಾಲು ಉಕ್ಕಿತು. ಮನಸ್ಸಿಗೆ ಕೆಟ್ಟ ಕೆಟ್ಟ ಯೋಚನೆ. ಎಲ್ಲೋ ಬಿದ್ದಿದ್ರೆ? ಎರಡನೇ ಮಹಡಿ ತಿರುವಲ್ಲಿ ಕುಸಿದು ಕೂತಿದ್ದ ಮುಖ ಕಣ್ಣೆದುರು ಬಂತು. ಸ್ಟೌ ಆರಿಸಿ, ಸೆರಗು ಸಿಕ್ಕಿಸ್ಕೊಂಡು ಓಡಿದೆ.

ಮೂರನೇ ಮಹಡಿ ತನಕ ಹೇಗೆ ಹೋದೆನೋ ಗೊತ್ತಿಲ್ಲ. ಅಲ್ಲಿ ಎದೆ ಡಬಡಬ ಬಡ್ಕೊಂಡು, ಕಣ್ಣಿಗೆ ಕತ್ತಲೆ ಬಂದು ಮೆಟ್ಟಿಲ ಮೇಲೇ ಕೂತ್ಬಿಟ್ಟೆ. ನಾನು! ದಿನವೆಲ್ಲ ನಿಂತೇ ಕೆಲಸ ಮಾಡೋಳು, ನನಗೇನಾಗಿದೆ ಅಂದ್ಕೊಂಡಿದ್ದೋಳು. ನಿಂತಿರೋದು ಬೇರೆ, ನಡೆಯೋದು ಬೇರೆ ಅಂತ ಆವತ್ತೇ ಗೊತ್ತಾಗಿದ್ದು. ಇವರು ಮೆಟ್ಟಿಲಲ್ಲಿ ಹತ್ತಿದಷ್ಟು ದಿನವೂ ನಾನು ಪಕ್ಕದಲ್ಲೇ ಲಿಫ್ಟಲ್ಲಿ ಹೋಗಿದ್ದೆ.

ಮೇಲಿಂದ ಹೆಜ್ಜೆ ಸದ್ದು ಬಂತು. ಇವರೇ. ಕಂಬಿ ಹಿಡ್ಕೊಂಡು ಒಂದೊಂದೇ ಮೆಟ್ಟಿಲು ಇಳೀತಿದ್ರು, ಚೀಲ ಖಾಲಿ. ಬೆವರಿದ್ರು, ಆದ್ರೆ ಉಸಿರು ನೆಟ್ಟಗಿತ್ತು. ನನ್ನ ನೋಡಿ ಗಾಬರಿಯಾಗಿ ಪಕ್ಕದಲ್ಲಿ ಕೂತ್ರು.

"ಏನಾಯ್ತೇ? ಎದೆ ನೋವಿದ್ಯಾ?"

ಇಲ್ಲ ಅಂತ ತಲೆ ಆಡಿಸಿದೆ. ಹಂಗಿಸ್ತಾರೆ ಅಂದ್ಕೊಂಡೆ, ಅಷ್ಟು ವರ್ಷ ನಾನು ಹಂಗಿಸಿದ್ದೆನಲ್ಲ. ಇವರು ಹಂಗಿಸಲಿಲ್ಲ. ನನ್ನ ಕೈ ತಮ್ಮ ಕೈಲಿ ಇಟ್ಕೊಂಡು, ನನ್ನ ಉಸಿರು ಸರಿಹೋಗೋ ತನಕ ಕೂತಿದ್ರು. ಆಮೇಲೆ ಇಳಿಯೋವಾಗ ಎರಡನೇ ಮಹಡೀಲಿ ನಿಂತು, "ಇಲ್ಲಿ ತೋರಿಸ್ಕೊಂಡೇ ಕೆಳಗೆ ಹೋಗೋದು" ಅಂತ ನರ್ಸಕ್ಕನ ಬಾಗಿಲು ತಟ್ಟಿದ್ರು.

ಟಪಾಲಿನ ಕೆಲಸ ಇವರದೇ ಆಯ್ತು. ನಾನೂ ಈಗ ಒಂದು ಮಹಡಿ ಹತ್ತಿ ಇಳೀತೀನಿ, ಡಾಕ್ಟರ್ ಹೇಳಿದ ಮೇಲೆ. ಒಂದೇ ಒಂದು. ಮುಂದಿನ ವಾರ ಇನ್ನರ್ಧ ಸೇರಿಸೋಣ ಅಂದಿದ್ದಾರೆ ನಮ್ಮ ಯಜಮಾನ್ರು.

ಇದನ್ನ ಕೇಳ್ತಾ ಕೂತಿರೋ ಅಕ್ಕಂದಿರೇ, ಅಣ್ಣಂದಿರೇ, ನಮಗೆ ಪುರುಸೊತ್ತಿಲ್ಲ, ದುಡ್ಡಿಲ್ಲ ಅಂತ ನೀವು ಮನಸ್ಸಲ್ಲೇ ಹೇಳ್ಕೊಳ್ತಿದ್ದೀರಿ, ನನಗೆ ಗೊತ್ತು. ನಾನೂ ಹೇಳ್ದೋಳೇ. ನಿಮಗೆ ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ರೆ ಮೊದಲು ಡಾಕ್ಟರನ್ನ ಕೇಳಿ. ಆಮೇಲೆ ನಿಮ್ಮ ದಿನದಲ್ಲಿ ಈಗಾಗ್ಲೇ ಇರೋ ಒಂದು ದಾರಿ ಹುಡುಕಿ. ಬಸ್ಸಿಳಿದು ಮನೆಗೆ ಬರೋ ದಾರಿಯೋ, ಅಂಗಡಿಗೆ ಹೋಗೋ ದಾರಿಯೋ, ಒಂದು ಮೆಟ್ಟಿಲ ಸಾಲೋ. ಮಾತಾಡ್ಕೊಂಡು ಹೋಗೋಷ್ಟು ನಿಧಾನಕ್ಕೆ ಹೋಗಿ. ಅದು ಸಲೀಸಾದ ಮೇಲೆ ಮಾತ್ರ ಚೂರು ಹೆಚ್ಚಿಸಿ. ನಡುವೆ ತಪ್ಪಿದ್ರೆ ಬೇಸರ ಬೇಡ, ಕಡಿಮೆಯಿಂದ ಮತ್ತೆ ಶುರು ಮಾಡಿ. ಮನೆಯವರು ಮಾಡೋದನ್ನ ಬರೀ ನೋಡ್ತಾ ನಿಲ್ಲಬೇಡಿ, ನೀವೂ ಅವರ ಜೊತೆ ಹೆಜ್ಜೆ ಹಾಕಿ. ಮೆಟ್ಟಿಲ ಮೇಲೆ ಕೂತಾಗ ಕೈ ಹಿಡಿಯೋರು ಎಲ್ಲರಿಗೂ ಸಿಗಲ್ಲ, ಇವತ್ತೇ ಏಳಿ.